ಎನ್‌ಎ ಮೀಟಿಂಗ್‌ಗೆ ಮೊದಲ ಸಲ ಹೋಗುವವರಿಗೆ

ಡ್ರಗ್ಸ್ ಬಿಡಬೇಕು ಅಂತ ಹೊರಟವರಿಗೆ ಆಸ್ಪತ್ರೆ, ಡಾಕ್ಟರು, ಮಾತ್ರೆ ಎಲ್ಲ ಹೇಗೋ ಸಿಗುತ್ತವೆ. ಮನೆಗೆ ಬಂದ ಮೇಲೆ ಸಂಜೆ ಏಳು ಗಂಟೆಗೆ ಏನು ಮಾಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಹಳೇ ಗೆಳೆಯರ ಫೋನ್ ಬರುವುದೂ ಆಗಲೇ. ಆ ಹೊತ್ತಿಗೆ ಹೋಗಿ ಕೂರಲು ಒಂದು ಜಾಗ ಬೇಕು. ನಾರ್ಕೋಟಿಕ್ಸ್ ಅನಾನಿಮಸ್, ಚಿಕ್ಕದಾಗಿ ಎನ್‌ಎ, ಅಂಥ ಜಾಗ. ಚಟ ಬಿಟ್ಟವರು, ಬಿಡಲು ಒದ್ದಾಡುತ್ತಿರುವವರು ತಾವೇ ಸೇರಿ ನಡೆಸುವ ಸಭೆ ಇದು. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. 1935ರಲ್ಲಿ ಹುಟ್ಟಿದ, ಕುಡಿತ ಬಿಡುವವರ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಇದಕ್ಕೆ ಅಣ್ಣ ಇದ್ದ ಹಾಗೆ. ಬೆಂಗಳೂರಿನಲ್ಲಿ ಎನ್‌ಎ ಮೀಟಿಂಗ್‌ಗಳು ನಡೆಯುತ್ತವೆ.

ಮೊದಲು ಡಾಕ್ಟರು

ಮೀಟಿಂಗ್ ಚಿಕಿತ್ಸೆ ಅಲ್ಲ. ಕುಡಿತವನ್ನಾಗಲಿ ನಿದ್ದೆ ಮಾತ್ರೆಯನ್ನಾಗಲಿ ದಿನಾ ತೆಗೆದುಕೊಳ್ಳುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಹಾಗಾಗಿ ಮೊದಲು ಡಾಕ್ಟರನ್ನು ನೋಡಿ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗವಿದೆ. ಬೇರೆ ಊರಿನವರು ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಬಹುದು. ಎಲ್ಲಿ ಹೋಗಬೇಕು ಅಂತಲೇ ತಿಳಿಯದಿದ್ದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡು ಬೀಳುವುದಿಲ್ಲ.

ಡಾಕ್ಟರು ಕೊಟ್ಟ ಮಾತ್ರೆಯನ್ನು ಮೀಟಿಂಗ್‌ನಲ್ಲಿ ಯಾರೋ 'ಅದೂ ಡ್ರಗ್ಸೇ ಅಲ್ವಾ' ಅಂದರು ಅಂತ ನಿಲ್ಲಿಸಬೇಡಿ. ಹೀಗೆ ಹೇಳುವವರು ಒಬ್ಬಿಬ್ಬರು ಸಿಗಬಹುದು. ಅವರ ಅನುಭವ ಎಷ್ಟೇ ದೊಡ್ಡದಿದ್ದರೂ ಮಾತ್ರೆಯ ವಿಷಯ ಬರೆದುಕೊಟ್ಟ ಡಾಕ್ಟರಿಗೆ ಬಿಟ್ಟದ್ದು.

ಹುಡುಕುವುದು

ಗೂಗಲ್‌ನಲ್ಲಿ ಸುಮ್ನೆ 'ಡ್ರಗ್ಸ್ ಬಿಡಿಸುವುದು' ಅಂತ ಹುಡುಕಿದರೆ ಖಾಸಗಿ ಕೇಂದ್ರಗಳ ಜಾಹೀರಾತು ಮೇಲೆ ಮೇಲೆ ಬರುತ್ತವೆ. ಫೋನ್ ಎತ್ತಿದ ತಕ್ಷಣ 'ಅಡ್ಮಿಟ್ ಮಾಡಿ, ತಿಂಗಳಿಗೆ ಇಷ್ಟು' ಅಂದರೆ ಅದು ಎನ್‌ಎ ಅಲ್ಲ. ಎನ್‌ಎಗೆ ಫೀಸಿಲ್ಲ, ಸೇರುವ ಅರ್ಜಿ ಇಲ್ಲ. ಡ್ರಗ್ಸ್ ನಿಲ್ಲಿಸಬೇಕು ಅನ್ನುವ ಆಸೆಯೊಂದೇ ಅರ್ಹತೆ.

ಎನ್‌ಎಯ ಅಂತರರಾಷ್ಟ್ರೀಯ ವೆಬ್‌ಸೈಟ್‌ನಲ್ಲಿ 'ಫೈಂಡ್ ಎ ಮೀಟಿಂಗ್' ಅನ್ನುವ ಪುಟವಿದೆ. ಊರಿನ ಹೆಸರು ಹಾಕಿದರೆ ಹತ್ತಿರದ ಮೀಟಿಂಗ್‌ನ ದಿನ, ಹೊತ್ತು, ವಿಳಾಸ ಸಿಗುತ್ತದೆ. ಪಟ್ಟಿಯನ್ನು ಪೂರ್ತಿ ನಂಬಿ ಬಸ್ ಹತ್ತಬೇಡಿ. ಇವು ಬಾಡಿಗೆಗೋ ಉಪಕಾರಕ್ಕೋ ಸಿಕ್ಕ ಕೋಣೆಗಳಲ್ಲಿ, ಚರ್ಚ್ ಆವರಣದಲ್ಲೋ ಶಾಲೆಯ ತರಗತಿಯಲ್ಲೋ ನಡೆಯುವಂಥವು. ಜಾಗ ಬದಲಾಗುತ್ತಿರುತ್ತದೆ. ಹಿಂದಿನ ದಿನ ಎನ್‌ಎ ಸಹಾಯವಾಣಿಗೆ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ: ಈ ವಾರ ಮೀಟಿಂಗ್ ಇದೆಯಾ, ಓಪನ್ನೋ ಕ್ಲೋಸ್ಡೋ, ಯಾವ ಭಾಷೆ. ಓಪನ್ ಮೀಟಿಂಗ್‌ಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಮೀಟಿಂಗ್ ಚಟ ಇರುವವರಿಗೆ, ಇದೆಯೇನೋ ಅಂತ ಅನುಮಾನ ಇರುವವರಿಗೆ ಮಾತ್ರ. ಬೆಂಗಳೂರಿನಲ್ಲಿ ಇಂಗ್ಲಿಷ್ ಜಾಸ್ತಿ ಕಿವಿಗೆ ಬೀಳಬಹುದು. ನೀವು ಕನ್ನಡದಲ್ಲೇ ಮಾತಾಡಿ, ಯಾರೂ ಬೇಡ ಅನ್ನುವುದಿಲ್ಲ.

ಊರಲ್ಲಿ ಎನ್‌ಎ ಇಲ್ಲದಿದ್ದರೆ? ರಾಜ್ಯದಲ್ಲಿ ಎಎ ಗುಂಪುಗಳು ಇದಕ್ಕಿಂತ ತುಂಬಾ ಜಾಸ್ತಿ. ಅವುಗಳ ಓಪನ್ ಮೀಟಿಂಗ್‌ನಲ್ಲಿ ಹೋಗಿ ಕೂರಬಹುದು. ಕುಡಿತವೂ ಜೊತೆಗಿದ್ದರೆ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಗಳು ಹಳ್ಳಿಗಳಲ್ಲೂ ಇವೆ. ಜೂಮ್‌ನಲ್ಲಿ ನಡೆಯುವ ಎನ್‌ಎ ಮೀಟಿಂಗ್‌ಗಳೂ ಇವೆ. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ, ಆದರೆ ಮುಖ ನೋಡಿ ಕೂತು ಟೀ ಕುಡಿದಷ್ಟು ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಒಳಗೆ ಏನಾಗುತ್ತದೆ

ಹತ್ತು ನಿಮಿಷ ಮುಂಚೆ ಹೋಗಿ. ಬಾಗಿಲ ಹತ್ತಿರ ಯಾರಾದರೂ ನಿಂತಿರುತ್ತಾರೆ. 'ಮೊದಲ ಸಲ' ಅಂದರೆ ಸಾಕು, ಕುರ್ಚಿ ತೋರಿಸುತ್ತಾರೆ. ರಿಜಿಸ್ಟರ್‌ನಲ್ಲಿ ಸಹಿ, ಆಧಾರ್, ಫೋಟೋ ಯಾವುದೂ ಇಲ್ಲ. ನಿಜವಾದ ಹೆಸರನ್ನೇ ಹೇಳಬೇಕು ಅಂತಲೂ ಇಲ್ಲ.

ಶುರುವಿನಲ್ಲಿ ಒಂದು ಪ್ರಾರ್ಥನೆ, ಆಮೇಲೆ ಎನ್‌ಎ ಅಂದರೇನು ಅನ್ನುವ ಕಾರ್ಡ್‌ಗಳನ್ನು ಒಬ್ಬೊಬ್ಬರು ಒಂದೊಂದು ಓದುತ್ತಾರೆ. ನಿಮ್ಮ ಕೈಗೂ ಕಾರ್ಡ್ ಬರಬಹುದು, ಬೇಡ ಅನ್ನಿಸಿದರೆ ಪಕ್ಕದವರಿಗೆ ದಾಟಿಸಿ. ನಂತರ ಶೇರಿಂಗ್. 'ನನ್ನ ಹೆಸರು ಇಂಥದ್ದು, ನಾನೊಬ್ಬ ಅಡಿಕ್ಟ್' ಅಂತ ಒಬ್ಬರು ಶುರು ಮಾಡಿದರೆ ಉಳಿದವರು ಹೆಸರು ಹಿಡಿದು 'ಹಾಯ್' ಅನ್ನುತ್ತಾರೆ. ಮೊದಲ ಸಲ ಕೇಳಿದವರಿಗೆ ನಗು ಬಂದರೂ ಆಶ್ಚರ್ಯವಿಲ್ಲ. ಒಬ್ಬರು ಮಾತಾಡುವಾಗ ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ. ಮುಗಿದ ಮೇಲೂ 'ನೀನು ಹೀಗೆ ಮಾಡಬೇಕಿತ್ತು' ಅಂತ ಪಾಠ ಇಲ್ಲ. ನಮ್ಮ ಮನೆಗಳಲ್ಲಿ ಬುದ್ಧಿ ಹೇಳಿಸಿಕೊಂಡು ಬೆಳೆದವರಿಗೆ ಇದೇ ದೊಡ್ಡ ಆರಾಮ. ನಿಮ್ಮ ಸರದಿಗೆ 'ಇವತ್ತು ಕೇಳಿಸಿಕೊಳ್ಳುತ್ತೇನೆ' ಅಂದರೆ ಮುಂದಿನವರಿಗೆ ಹೋಗುತ್ತದೆ.

ಬುಟ್ಟಿಯೋ ಚೀಲವೋ ಒಂದು ಸುತ್ತು ಬರುತ್ತದೆ. ಕೋಣೆ ಬಾಡಿಗೆ, ಟೀ, ಪುಸ್ತಕದ ಖರ್ಚು ಸದಸ್ಯರೇ ಹಾಕಿಕೊಳ್ಳುವುದು. ಹೊರಗಿನವರ ದೇಣಿಗೆ ಎನ್‌ಎ ತೆಗೆದುಕೊಳ್ಳುವುದಿಲ್ಲ. ಹೊಸಬರು ಹಾಕಬೇಕಿಲ್ಲ. ಹೊಸಬರಿಗೆ ಬಿಳಿ ಬಣ್ಣದ ಕೀ ಟ್ಯಾಗ್ ಕೊಡುವ ರೂಢಿ ಇದೆ. ಡ್ರಗ್ಸ್ ಬಿಟ್ಟು 30 ದಿನ ಆದರೆ ಕಿತ್ತಳೆ, 60ಕ್ಕೆ ಹಸಿರು, 90ಕ್ಕೆ ಕೆಂಪು. ಒಂದು ಗಂಟೆ, ಒಂದೂವರೆ ಗಂಟೆಗೆ ಎಲ್ಲ ಮುಗಿಯುತ್ತದೆ.

ಆ ದಿನ ಏನಾದರೂ ತೆಗೆದುಕೊಂಡಿದ್ದರೂ ಬರಬಹುದು. ಸುಮ್ಮನೆ ಕೂತು ಕೇಳಿ ಅನ್ನುತ್ತಾರೆ, ಅಷ್ಟೇ. ಜೇಬಿನಲ್ಲಿ ಮಾಲು ಇಟ್ಟುಕೊಂಡು ಮಾತ್ರ ಬರಬೇಡಿ.

ಪೊಲೀಸರ ಭಯ

ಬಹಳ ಜನ ಕೇಳುವ ಪ್ರಶ್ನೆ ಇದು. ಮೀಟಿಂಗ್‌ನಲ್ಲಿ ಹೇಳಿದ್ದು ಹೊರಗೆ ಹೇಳಬಾರದು ಅನ್ನುವುದು ಅಲ್ಲಿನ ಪದ್ಧತಿ. ಆದರೆ ಅದಕ್ಕೆ ಕಾನೂನಿನ ರಕ್ಷಣೆ ಇಲ್ಲ. ಯಾರಿಂದ ಕೊಂಡೆ, ಎಲ್ಲಿ ಸಿಗುತ್ತದೆ ಅನ್ನುವ ವಿವರ ಅಲ್ಲಿ ಬೇಕಾಗಿಯೂ ಇಲ್ಲ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಡ್ರಗ್ಸ್ ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದ ವಿನಾಯಿತಿ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿ ಹೋಗಬಹುದು. ಬರೀ ಎನ್‌ಎಗೆ ಹೋದದ್ದನ್ನು ಚಿಕಿತ್ಸೆ ಅಂತ ತೋರಿಸಲು ಆಗುವುದಿಲ್ಲ. ಕೇಸ್ ಇದ್ದವರು ವಕೀಲರನ್ನೇ ಕೇಳಬೇಕು.

ಎರಡನೇ ಸಲ

ಮೊದಲನೆಯದು ಹಿಡಿಸದಿದ್ದರೆ ಬೇರೆ ಗುಂಪಿಗೆ ಹೋಗಿ. ಒಂದು ಕಡೆ ಹುಡುಗರೇ ತುಂಬಿರುತ್ತಾರೆ, ಇನ್ನೊಂದು ಕಡೆ ಐವತ್ತು ದಾಟಿದವರು. ಹೆಂಗಸರು ತಮಗೇ ಮೀಸಲಾದ ಮೀಟಿಂಗ್ ಇದೆಯಾ ಅಂತ ಫೋನ್‌ನಲ್ಲೇ ಕೇಳಿಕೊಳ್ಳಬಹುದು. ಮುಗಿದ ಮೇಲೆ ಓಡಿಬರಬೇಡಿ. ಹೊರಗೆ ಟೀ ಕುಡಿಯುವಾಗ ಇಬ್ಬರು ಮೂವರ ನಂಬರ್ ತೆಗೆದುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಕೈ ನಡುಗುವಾಗ ಕೆಲಸಕ್ಕೆ ಬರುವುದು ಆ ನಂಬರ್‌ಗಳೇ. ಕೆಲವು ವಾರ ಕಳೆದ ಮೇಲೆ ಒಬ್ಬ ಹಳಬರನ್ನು ಸ್ಪಾನ್ಸರ್, ಅಂದರೆ ನಿಮಗೆ ದಾರಿ ತೋರಿಸುವ ಜೊತೆಗಾರ, ಆಗಿ ಅಂತ ಕೇಳಬಹುದು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಅನ್ನುವುದು ಅಲ್ಲಿನ ವಾಡಿಕೆ, ಒಳ್ಳೆಯ ವಾಡಿಕೆ. ಸ್ಪಾನ್ಸರ್ ಸಾಲ ಕೇಳಿದರೆ, ತನ್ನ ಕೆಲಸ ಮಾಡಿಸಿಕೊಂಡರೆ ಬದಲಾಯಿಸಿ.

ನಡುವೆ ಜಾರಿದರೆ ಒಂದು ಎಚ್ಚರಿಕೆ. ಕೆಲವು ವಾರ ಬಿಟ್ಟ ಮೇಲೆ ದೇಹಕ್ಕೆ ಹಳೆಯ ತಾಳಿಕೆ ಇರುವುದಿಲ್ಲ. ಹೆರಾಯಿನ್‌ನಂಥದ್ದನ್ನು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಮೈಮೇಲೆ ಪ್ರಜ್ಞೆ ಇಲ್ಲದಿದ್ದರೆ ತಕ್ಷಣ 108. ಚೇತರಿಸಿಕೊಂಡವರು ಮುಂದಿನ ಮೀಟಿಂಗ್‌ಗೆ ಹೋಗಬಹುದು, ಬಾಗಿಲು ಮುಚ್ಚಿರುವುದಿಲ್ಲ.

ಅಪ್ಪ ಅಮ್ಮಂದಿರಿಗೆ

ಮಗನ ಕೈ ಹಿಡಿದು ಎಳೆದುಕೊಂಡು ಹೋಗಿ ಕೂರಿಸಿದರೆ ಅವನು ಕೂತಿರುತ್ತಾನೆ, ಅಷ್ಟೇ. ವಿಳಾಸ ಕೊಡಿ, ಬೇಕಾದರೆ ಗೇಟಿನವರೆಗೆ ಬಿಟ್ಟು ಬನ್ನಿ. ಬಂದ ಮೇಲೆ 'ಏನು ಹೇಳಿದರು' ಅಂತ ತನಿಖೆ ಬೇಡ. ನಿಮಗೂ ಮಾತಾಡಲು ಜನ ಬೇಕು. ವ್ಯಸನಿಗಳ ಮನೆಯವರಿಗಾಗಿ ನಾರ್-ಅನಾನ್, ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಗುಂಪುಗಳಿವೆ. ಹತ್ತಿರದಲ್ಲಿ ಯಾವುದೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416. ಕನ್ನಡದಲ್ಲೇ ಮಾತಾಡಬಹುದು, ದಿನದ ಯಾವ ಹೊತ್ತಿಗೂ.