ಸಣ್ಣ ಕೋಣೆಗೆ ಗಾಜು ಒಡೆತದ ಸೆನ್ಸರ್: ನನ್ನ ಅನುಭವ

ಯಾರಾದರೂ ಕಿಟಕಿಯ ಗಾಜು ಒಡೆದರೆ ಅಲಾರಂ ಕೊಡುವ ಈ ಸೆನ್ಸರ್‌ಗಳ ಡಬ್ಬಿ ಮೇಲೆ ದೊಡ್ಡದಾಗಿ ಕಾಣುವುದು, ಎಷ್ಟು ದೂರದ ಗಾಜಿನ ಸದ್ದು ಕೇಳಿಸುತ್ತದೆ ಅನ್ನುವ ಲೆಕ್ಕ. 6 ಮೀಟರ್, 7.5 ಮೀಟರ್ ಹೀಗೆ. ನನ್ನ ಕೋಣೆಗಳಲ್ಲಿ ಅಷ್ಟು ಜಾಗವೇ ಇಲ್ಲ. ಹಾಗಾಗಿ ನಾನು ನೋಡಿದ್ದು ಬೇರೆಯದನ್ನೇ: ಕೋಣೆಯಲ್ಲಿ ಸದ್ದು ಎಷ್ಟು ಮಾರ್ದನಿಸುತ್ತದೆ?

ಸದ್ದು ಕೇಳುವ ಬಗೆಯ ಸೆನ್ಸರ್‌ನಲ್ಲಿ ಒಂದು ಮೈಕ್ ಇರುತ್ತದೆ. ಗಾಜಿಗೆ ಏಟು ಬಿದ್ದಾಗ ಮೊದಲು ದಪ್ಪನೆಯ 'ಧಡ್', ಹಿಂದೆಯೇ ಚೂರಾಗುವ ಕೀರಲು ಸದ್ದು. ಒಳ್ಳೆಯ ಸೆನ್ಸರ್ ಈ ಎರಡನ್ನೂ ಅದೇ ಕ್ರಮದಲ್ಲಿ ಕೇಳಿಸಿಕೊಂಡರೆ ಮಾತ್ರ ಅಲಾರಂ ಕೊಡುತ್ತದೆ. ಆದರೆ ಟೈಲ್ಸ್ ಹಾಕಿದ, ಬರಿಗೋಡೆಯ ಪುಟ್ಟ ಕೋಣೆಯಲ್ಲಿ ತಟ್ಟೆ ಬಿದ್ದರೂ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಜೋರಾಗುತ್ತದೆ. ಮೈಕ್ ಮೋಸಹೋಗುವುದು ಅಲ್ಲೇ. ಸುಮಾರು 3 ಮೀಟರ್ ಉದ್ದ, 3 ಮೀಟರ್ ಅಗಲಕ್ಕಿಂತ ಸಣ್ಣ ಕೋಣೆ ಬೇಡ ಅಂತ ಕೆಲವು ಕೈಪಿಡಿಗಳೇ ಹೇಳುತ್ತವೆ.

ಅದಕ್ಕೇ ಬಚ್ಚಲು ಮತ್ತು ಸಾಮಾನಿನ ಕೋಣೆಗೆ ಗಾಜಿಗೇ ಅಂಟಿಸುವ, ಅದರ ಅದುರುವಿಕೆ ಗುರುತಿಸುವ ಸೆನ್ಸರ್ ತಂದೆ. ಒಂದೊಂದು ಗಾಜಿಗೂ ಒಂದೊಂದು ಬೇಕು, ಖರ್ಚು ಜಾಸ್ತಿ ನಿಜ. ಆದರೆ ಅಲ್ಲಿ ಇದ್ದದ್ದು ಒಂದೊಂದೇ ಕಿಟಕಿ. ಗಾಜನ್ನು ಚೆನ್ನಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ, ಚೌಕಟ್ಟಿನಿಂದ ಸ್ವಲ್ಪ ಒಳಗೆ ಮೂಲೆಯಲ್ಲಿ ಅಂಟಿಸಿದೆ. ಗಾಜಿನ ಮೇಲೆ ಫಿಲ್ಮ್ ಇದ್ದರೆ ಅಂಟಿಸುವ ಮುಂಚೆ ಕೈಪಿಡಿ ನೋಡಿ.

ಓದುವ ಕೋಣೆ ಸ್ವಲ್ಪ ದೊಡ್ಡದು. ಪುಸ್ತಕ, ಚಾಪೆ, ಪರದೆ ಎಲ್ಲ ಇರುವುದರಿಂದ ಸದ್ದು ಮೆತ್ತಗಾಗುತ್ತದೆ. ಅಲ್ಲಿಗೆ ಮೈಕ್ ಇರುವುದೇ ಸಾಕಾಯಿತು. ಕಿಟಕಿಯ ಎದುರು ಗೋಡೆಗೆ ಹಾಕಿದೆ. ಪರದೆ ದಪ್ಪ ಇದ್ದಿದ್ದರೆ ಪರದೆಯ ಹಿಂದೆ, ಕಿಟಕಿ ಚೌಕಟ್ಟಿನ ಹತ್ತಿರವೇ ಹಾಕುತ್ತಿದ್ದೆ. ಸೂಕ್ಷ್ಮತೆಯನ್ನು ಕಡಿಮೆ ಮಟ್ಟಕ್ಕೆ ಇಳಿಸಿದೆ.

ಪರೀಕ್ಷೆಗೆ ಚಪ್ಪಾಳೆ ತಟ್ಟಿದರೆ ದೀಪ ಮಿನುಗುತ್ತದೆ. ಮೈಕ್ ಜೀವಂತ ಇದೆ ಅಂತಷ್ಟೇ ಅದರ ಅರ್ಥ, ಗಾಜಿನ ಸದ್ದು ಗುರುತಿಸುತ್ತದೆ ಅಂತಲ್ಲ. ಅದಕ್ಕೆ ಗಾಜು ಒಡೆದ ಸದ್ದನ್ನೇ ಹೊರಡಿಸುವ ಪರೀಕ್ಷಾ ಉಪಕರಣ ಬೇಕು. ಕಿಟಕಿಯ ಹತ್ತಿರ ಹಿಡಿದು, ಪರದೆ ಎಳೆದುಕೊಂಡೇ ಪರೀಕ್ಷಿಸಬೇಕು. ಆಮೇಲೆ ನಾನು ಬೀಗದ ಕೈ ಬೀಳಿಸಿದೆ, ಬಾಗಿಲು ಬಡಿದೆ, ಪಾತ್ರೆ ಕುಕ್ಕಿದೆ. ಮನೆಯವರಿಗೆ ಇದು ಸುಮ್ನೆ ಗಲಾಟೆ ಅನ್ನಿಸಿತು. ಸೆನ್ಸರ್ ಮಾತ್ರ ತೆಪ್ಪಗಿತ್ತು.

ಗಾಜು ಒಡೆಯದೆ ಚಿಲಕ ತೆಗೆದು ಕಿಟಕಿ ತೆರೆದರೆ ಈ ಎರಡೂ ಬಗೆಯ ಸೆನ್ಸರ್‌ಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ತೆರೆಯುವ ಕಿಟಕಿಗಳಿಗೆ ಆಯಸ್ಕಾಂತದ ಸೆನ್ಸರನ್ನೂ ಜೊತೆಗೆ ಹಾಕಿದ್ದೇನೆ.