ಬೂಸ್ಟು ಹಿಡಿದ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಉಳಿಸಿಕೊಂಡ ಬಗೆ: ನನ್ನ ಅನುಭವ

ಬೂಸ್ಟು ಹಿಡಿದ ವಿಎಚ್‌ಎಸ್ ಕ್ಯಾಸೆಟ್ಟಿನಿಂದ ಚಿತ್ರ ತೆಗೆಯುವುದು ಆಗದ ಕೆಲಸವೆಂದು ನಮ್ಮ ದಕ್ಷಿಣ ಕನ್ನಡದ ಕಡೆಯ ವಿಡಿಯೋಗ್ರಾಫರುಗಳು ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದರು. ನಾನು ಕ್ಯಾಸೆಟ್ಟು ಹಿಡಿದುಕೊಂಡು ಹೋದಲ್ಲೆಲ್ಲ ಸಿಕ್ಕ ಉತ್ತರ ಒಂದೇ: "ಅದು ಹೋಯಿತು ಮಾರಾಯ್ರೇ, ನಮ್ಮ ಡೆಕ್ಕಿಗೆ ಹಾಕಿದರೆ ಹೆಡ್ಡೂ ಹೋಗುತ್ತದೆ." ಡೆಕ್ಕೆಂದರೆ ಕ್ಯಾಸೆಟ್ಟು ಓಡಿಸುವ ವಿಸಿಆರ್, ಹೆಡ್ಡೆಂದರೆ ಅದರಲ್ಲಿ ಟೇಪನ್ನು ಓದುವ ಭಾಗ. ಅಂಥ ಕ್ಯಾಸೆಟ್ಟುಗಳು ಈಗ ನೂರೈವತ್ತರ ಆಸುಪಾಸು ನನ್ನ ಮೇಜಿನ ಮೇಲೆ ಸ್ವಚ್ಛವಾಗಿ ಹಾರ್ಡ್ ಡಿಸ್ಕಿಗೆ ಸೇರಿವೆ. ಹತ್ತರಲ್ಲಿ ಒಂಬತ್ತು ಪೂರ್ತಿ ಚಿತ್ರ ಕೊಟ್ಟಿವೆ. ಅಂದು ಆಗದೆಂದವರಲ್ಲಿ ಇಬ್ಬರು ಈಗ ತಮ್ಮ ಗಿರಾಕಿಗಳ ಕ್ಯಾಸೆಟ್ಟುಗಳನ್ನು ನನ್ನಲ್ಲಿಗೇ ಕಳುಹಿಸುತ್ತಾರೆ. ಡೆಕ್ಕು, ಕ್ಯಾಪ್ಚರ್ ಕಾರ್ಡು (ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಸಾಧನ), ಹೆಡ್ ಕ್ಲೀನಿಂಗ್ ಇವುಗಳ ಪರಿಚಯ ಇರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ಮೊದಲ ಪಾಠಗಳನ್ನು ಬಿಟ್ಟಿದ್ದೇನೆ.

ನನ್ನಲ್ಲಿಗೆ ಬರುವ ಸರಕಿನ ಹೆಚ್ಚಿನ ಪಾಲು ತೊಂಬತ್ತರ ದಶಕದ್ದು. ಗಲ್ಫಿನಿಂದ ಬಂದ ನೆಂಟರು ತಂದ ಕ್ಯಾಮೆರಾದಲ್ಲಿ ಹಿಡಿದ ಮದುವೆಗಳು, ಉಪನಯನಗಳು, ಮನೆಯಂಗಳದಲ್ಲಿ ನಡೆದ ಹರಕೆಯ ಯಕ್ಷಗಾನ ಆಟಗಳು. ಇಡೀ ರಾತ್ರಿಯ ಯಕ್ಷಗಾನಕ್ಕೆ ಮೂರು ಗಂಟೆಯ ಇ-180 ಕ್ಯಾಸೆಟ್ಟು ಮೂರು ಬೇಕಾಗುತ್ತಿತ್ತು. ಎರಡು ಸಾವಿರದ ಇಸವಿಯ ನಂತರ ವಿಸಿಡಿ (ವಿಡಿಯೋ ಸಿಡಿ) ಬಂದಾಗ ಎಷ್ಟೋ ಮನೆಯವರು ಸ್ಟುಡಿಯೋದಲ್ಲಿ ಅದಕ್ಕೆ ಹಾಕಿಸಿಕೊಂಡು, ಕೆಲಸ ಮುಗಿಯಿತೆಂದು ಕ್ಯಾಸೆಟ್ಟನ್ನು ಮೂಲೆಗೆ ಹಾಕಿದರು. ಆದರೆ ವಿಸಿಡಿಯ ಚಿತ್ರ 352×288 ಪಿಕ್ಸೆಲ್. ಸೆಕೆಂಡಿಗೆ ಐವತ್ತು ಫೀಲ್ಡುಗಳಿರುವ (ಅಂದರೆ ಐವತ್ತು ಅರ್ಧ ಚಿತ್ರಗಳಿರುವ) ಮೂಲ ಚಿತ್ರದಿಂದ ಅದು ಉಳಿಸಿಕೊಳ್ಳುವುದು ಇಪ್ಪತ್ತೈದನ್ನು ಮಾತ್ರ. ಮದುವೆಯ ಮಂಟಪದಲ್ಲಿ ಕುಳಿತವರನ್ನು ನೋಡುವಾಗ ಇದು ಗೊತ್ತಾಗುವುದಿಲ್ಲ. ಯಕ್ಷಗಾನದಲ್ಲಿ ಪುಂಡುವೇಷದ (ಯುವ ವೀರರ ಪಾತ್ರದ) ಧೀಂಗಿಣ, ಅಂದರೆ ಸುತ್ತಿ ಹಾರುವ ಕುಣಿತ ಬಂದಾಗ ಸುತ್ತು ತುಂಡುತುಂಡಾಗಿ ಕಾಣುತ್ತದೆ, ಕಾಲು ನೆಲ ಮುಟ್ಟುವ ಕ್ಷಣವೇ ಕಾಣೆಯಾಗಿರುತ್ತದೆ. ಆದ್ದರಿಂದ ವಿಸಿಡಿ ಇದ್ದರೂ ಮೂಲ ಕ್ಯಾಸೆಟ್ಟನ್ನೇ ಹುಡುಕಿ ಕೊಡಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಅವಸರ ಹುಟ್ಟಿದ್ದು ಟಿವಿ ಬದಲಾದಾಗ. ಕೇಬಲ್ ಡಿಜಿಟಲೀಕರಣ ಹಂತಹಂತವಾಗಿ ಹಳ್ಳಿಗಳಿಗೆ ಬಂದು 2017ರ ಹೊತ್ತಿಗೆ ನಮ್ಮಲ್ಲೂ ಸೆಟ್‌ಟಾಪ್ ಬಾಕ್ಸು ಕಡ್ಡಾಯವಾಯಿತು. ಅದರ ಹಿಂದೆಯೇ ಪಿಕ್ಚರ್ ಟ್ಯೂಬಿನ ಟಿವಿಗಳು ಗುಜರಿಗೆ ಹೋಗಿ ಎಲ್‌ಇಡಿ ಟಿವಿಗಳು ಬಂದವು. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತ್ತು. ಹಳೆಯ ಟ್ಯೂಬಿನ ಟಿವಿ ಓಲಾಡುವ ಸಿಂಕನ್ನು (ಚಿತ್ರದ ಸಾಲುಗಳನ್ನು ಹೊಂದಿಸುವ ಸಂಕೇತವನ್ನು) ಸಹಿಸಿಕೊಂಡು ಹೇಗೋ ಚಿತ್ರ ತೋರಿಸುತ್ತಿತ್ತು. ಹೊಸ ಟಿವಿ ಸ್ವಲ್ಪ ಸವೆದ ಕ್ಯಾಸೆಟ್ಟು ಹಾಕಿದರೂ ನೀಲಿ ತೆರೆ ತೋರಿಸಿ ಸಿಗ್ನಲ್ ಇಲ್ಲ ಎನ್ನುತ್ತದೆ. ಚೆನ್ನಾಗಿಯೇ ಇದ್ದ ಎಷ್ಟೋ ಕ್ಯಾಸೆಟ್ಟುಗಳನ್ನು ಜನರು ಈ ಒಂದು ಕಾರಣಕ್ಕೆ ಎಸೆದದ್ದು ನನಗೆ ಗೊತ್ತು, ಅದು ಇಂದಿಗೂ ಸಂಕಟ ತರುತ್ತದೆ.

ಬೂಸ್ಟಿನ ವಿಷಯಕ್ಕೆ ಬರುತ್ತೇನೆ. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಹಿಟ್ಟು ಉದುರಿಸಿದಂತೆ ಬಿಳಿ ಕಲೆ ಕಾಣುತ್ತದೆ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಇದು ಸಹಜವೇ. ಆದರೆ ನಾನು ಕಂಡ ಹಾಗೆ ಅತ್ಯಂತ ಕೆಟ್ಟು ಹೋದವು ಉಕ್ಕಿನ ಕಪಾಟಿನಲ್ಲಿ ನುಸಿಗುಳಿಗೆ ಹಾಕಿ ಬೀಗ ಹಾಕಿಟ್ಟ ಕ್ಯಾಸೆಟ್ಟುಗಳು. ಗಾಳಿಯಾಡುವ ತೆರೆದ ಶೆಲ್ಫಿನಲ್ಲಿ ಧೂಳು ತಿಂದುಕೊಂಡು ಬಿದ್ದಿದ್ದವು ಅದಕ್ಕಿಂತ ಎಷ್ಟೋ ಚೆನ್ನಾಗಿದ್ದವು.

ಮೊದಲು ಎಲ್ಲರಂತೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬಟ್ಟೆ ಅದ್ದಿ ಟೇಪನ್ನು ಒರೆಸುವ ವಿಧಾನವನ್ನು ಪರೀಕ್ಷಿಸಿದೆ. ಒರೆಸಿದಷ್ಟೂ ಬಟ್ಟೆಗೆ ಕಂದು ಬಣ್ಣ ಹತ್ತುತ್ತಿತ್ತು; ಅದು ಬೂಸ್ಟಿನ ಬಣ್ಣವಲ್ಲ, ಚಿತ್ರವಿರುವ ಲೇಪನವೇ ಎದ್ದು ಬರುತ್ತಿತ್ತು. ಜೊತೆಗೆ ತೇವ ಆರುವ ಮೊದಲೇ ಸುತ್ತಿದರೆ ಪದರಗಳು ಒಂದಕ್ಕೊಂದು ಅಂಟಿಕೊಂಡವು. ಹಾಗಾಗಿ ಪರೀಕ್ಷೆಗೆಂದೇ ಇಟ್ಟುಕೊಂಡಿದ್ದ ಸಿನಿಮಾ ಕ್ಯಾಸೆಟ್ಟುಗಳ ಹಂತದಲ್ಲೇ ಆ ದಾರಿಯನ್ನು ಬಿಟ್ಟೆ. ಈ ನಡುವೆ ದೊಡ್ಡ ನಗರವೊಂದರ ಸಂಸ್ಥೆಗೆ ವಿಚಾರಿಸಿದಾಗ ಬೂಸ್ಟಿನ ಕ್ಯಾಸೆಟ್ಟಿಗೆ ತಲಾ ಎರಡು ಸಾವಿರದ ಹತ್ತಿರ ಹೇಳಿದರು, ಅದೂ ಚಿತ್ರ ಬರುವ ಖಾತರಿಯಿಲ್ಲದೆ. ಆ ಲೆಕ್ಕದಲ್ಲಿ ನಮ್ಮ ಕುಟುಂಬದ ಕ್ಯಾಸೆಟ್ಟುಗಳಿಗೇ ಒಂದು ಲಕ್ಷ ಮೀರುತ್ತಿತ್ತು.

ಕೊನೆಗೆ ಕೆಲಸಕ್ಕೆ ಬಂದದ್ದು ಒಣ ವಿಧಾನ. ಇದರಲ್ಲಿ ಮುಖ್ಯವಾದದ್ದು ಕ್ರಮ: ಮೊದಲು ಒಣಗಿಸಬೇಕು, ನಂತರ ಒರೆಸಬೇಕು. ಹಸಿ ಬೂಸ್ಟು ಮುಟ್ಟಿದರೆ ಹಚ್ಚಿಕೊಳ್ಳುತ್ತದೆ, ಒಣಗಿದ ಬೂಸ್ಟು ಪುಡಿಯಾಗಿ ಉದುರುತ್ತದೆ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೆರಡು ಕಿಲೋ ಸಿಲಿಕಾ ಜೆಲ್ ಹಾಕಿ, ಆರ್ದ್ರತೆ ನೋಡುವ ಚಿಕ್ಕ ಮೀಟರನ್ನೂ ಇಟ್ಟು, ಅದು ಶೇಕಡ ನಲವತ್ತರ ಆಸುಪಾಸಿಗೆ ಇಳಿದ ಮೇಲೂ ಮೂರು ವಾರ ಕ್ಯಾಸೆಟ್ಟನ್ನು ಅಲ್ಲೇ ಬಿಡುತ್ತೇನೆ. ಬೇಗ ಆಗಲೆಂದು ಮರದ ಪೆಟ್ಟಿಗೆಯಲ್ಲಿ ನಲವತ್ತು ವ್ಯಾಟಿನ ಬಲ್ಬು ಉರಿಸಿಯೂ ನೋಡಿದ್ದುಂಟು. ಬಲ್ಬಿನ ಕಡೆಗಿದ್ದ ಕ್ಯಾಸೆಟ್ಟಿನ ಕವಚ ಸ್ವಲ್ಪ ಬಾಗಿತು, ಒಳಗಿನ ಟೇಪು ಬದುಕಿತು. ಬಿಸಿಯ ಬದಲು ಕಾಲಾವಕಾಶ ಕೊಡುವುದೇ ಸರಿ.

ಒರೆಸುವ ಯಂತ್ರವನ್ನು ಎರಡು ಸತ್ತ ವಿಸಿಆರ್‌ಗಳಿಂದ ಮಾಡಿದೆ. ಗುಜರಿಯವನು ಒಂದಕ್ಕೆ ಇನ್ನೂರು ರೂಪಾಯಿ ತೆಗೆದುಕೊಂಡ. ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಎರಡು ಸುರುಳಿಗಳನ್ನು ಹೊರತೆಗೆದು, ಪ್ಲೈವುಡ್ ಹಲಗೆಯ ಮೇಲೆ ಕೂರಿಸಿದ ಸ್ಪಿಂಡಲ್‌ಗಳಿಗೆ ಹಾಕುತ್ತೇನೆ. ಗೇರಿರುವ ಹನ್ನೆರಡು ವೋಲ್ಟಿನ ಮೋಟಾರು ಟೇಪನ್ನು ನಿಧಾನವಾಗಿ ಎಳೆಯುತ್ತದೆ. ದಾರಿಯಲ್ಲಿ ಟೇಪಿನ ಎರಡೂ ಮುಖಗಳಿಗೆ ನೂಲು ಬಿಡದ ಬಟ್ಟೆಯ ಪಟ್ಟಿಗಳು ತಾಗುತ್ತವೆ. ಈ ಪಟ್ಟಿಗಳು ಒಂದೇ ಕಡೆ ನಿಂತಿದ್ದರೆ ಐದು ನಿಮಿಷದಲ್ಲಿ ಕೊಳೆ ತುಂಬಿ ಅದೇ ಕೊಳೆಯನ್ನು ಮುಂದಿನ ಟೇಪಿಗೆ ಬಳಿಯುತ್ತವೆ. ಆದ್ದರಿಂದ ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗಿಸುವ ಮೋಟಾರನ್ನು ಜೋಡಿಸಿ, ಪಟ್ಟಿಗಳೂ ಟೇಪಿನ ಎದುರು ದಿಕ್ಕಿಗೆ ಮೆಲ್ಲನೆ ಸರಿಯುತ್ತಾ ಸದಾ ಹೊಸ ಬಟ್ಟೆ ಒದಗುವಂತೆ ಮಾಡಿದೆ. ಇಡೀ ಕೆಲಸ ಕೈಕೂಡಿದ್ದು ಈ ಬದಲಾವಣೆಯಿಂದ. ಪಕ್ಕದಲ್ಲಿ ವ್ಯಾಕ್ಯೂಮ್ ಕ್ಲೀನರಿನ ಬಾಯಿ ಇರುತ್ತದೆ, ಮುಖಕ್ಕೆ ಎನ್95 ಮಾಸ್ಕು ಹಾಕದೆ ನಾನು ಕೂರುವುದಿಲ್ಲ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಒರೆಸಿ, ಹೊಸ ಕವಚಕ್ಕೆ ಸುರುಳಿಗಳನ್ನು ವರ್ಗಾಯಿಸಬೇಕು. ಹಳೆಯ ಕವಚದಲ್ಲಿ ಬೂಸ್ಟು ಉಳಿದೇ ಇರುತ್ತದೆ. ಬಟ್ಟೆ ಯಾವುದು, ಅದು ಟೇಪಿನ ಮೇಲೆ ಎಷ್ಟು ಬಿಗಿಯಾಗಿ ಒತ್ತಬೇಕು ಎಂಬ ಎರಡು ವಿಷಯಗಳನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಾನು ಒಂದು ಮಳೆಗಾಲವನ್ನೇ ಕೊಟ್ಟಿದ್ದೇನೆ.

ಸ್ವಚ್ಛಗೊಂಡ ಕ್ಯಾಸೆಟ್ಟನ್ನೂ ನೇರವಾಗಿ ಒಳ್ಳೆಯ ಡೆಕ್ಕಿಗೆ ಹಾಕಬೇಡಿ. ಸಾಧಾರಣ ಡೆಕ್ಕೊಂದರಲ್ಲಿ ಮೊದಲು ಹತ್ತು ನಿಮಿಷ ಓಡಿಸಿ, ಚಿತ್ರದಲ್ಲಿ ಹಿಮ ಸುರಿದಂತಾದರೆ ಹೆಡ್ಡಿಗೆ ಪುಡಿ ಹತ್ತಿದೆ ಎಂದು ತಿಳಿದು ಹೆಡ್ಡಿರುವ ಡ್ರಮ್ಮನ್ನು ಶಾಮಿ ಚರ್ಮದಿಂದ (ಒರೆಸುವ ಮೃದು ಚರ್ಮದಿಂದ) ಸ್ವಚ್ಛ ಮಾಡಿ ಮತ್ತೆ ಒರೆಸುವ ಯಂತ್ರಕ್ಕೆ ಕಳುಹಿಸುತ್ತೇನೆ. ಡೆಕ್ಕಿನ ಮುಚ್ಚಳ ತೆಗೆದು ಕೆಲಸ ಮಾಡುವಾಗ ಟ್ಯೂಬ್‌ಲೈಟಿನ ಬೆಳಕಾಗಲಿ ಬಿಸಿಲಾಗಲಿ ಟೇಪು ಮುಗಿದದ್ದನ್ನು ಗುರುತಿಸುವ ಸೆನ್ಸರುಗಳ ಮೇಲೆ ಬಿದ್ದರೆ ಡೆಕ್ಕು ತಾನಾಗಿ ನಿಂತುಬಿಡುತ್ತದೆ; ಮೇಲೊಂದು ಕಪ್ಪು ಬಟ್ಟೆ ಹೊದಿಸಿದರೆ ಸರಿಯಾಗುತ್ತದೆ. ಇನ್ನು ಧ್ವನಿ. ಒಂದು ಕ್ಯಾಮೆರಾದ ಆಡಿಯೋ ಹೆಡ್ಡಿನ ಓರೆ ಇನ್ನೊಂದು ಡೆಕ್ಕಿಗೆ ಹೊಂದುವುದಿಲ್ಲವಾದ್ದರಿಂದ, ಪ್ರತಿ ಕ್ಯಾಸೆಟ್ಟಿಗೂ ಆ ಓರೆಯನ್ನು ಹೊಂದಿಸುವ ಅಜಿಮತ್ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಹೊಂದಿಸುತ್ತೇನೆ. ಭಾಗವತರ ಹಾಡಿನಿಂದ ಇದನ್ನು ನಿರ್ಧರಿಸಲಾಗದು. ಚಕ್ರತಾಳದ ಕಣಕಣ ಮಂಕಾಗಿ ಕೇಳುತ್ತಿದ್ದದ್ದು ಒಮ್ಮೆಲೇ ಚೂಪಾಗಿ ಎದ್ದು ಬಂದಾಗ ಸ್ಕ್ರೂ ಅಲ್ಲಿಯೇ ನಿಲ್ಲಬೇಕು.

ಕ್ಯಾಪ್ಚರಿಗೆ ಮೊದಲು ಕೊಂಡ ಎಂಟುನೂರು ರೂಪಾಯಿಯ ಯುಎಸ್‌ಬಿ ಸಾಧನ ದುಡ್ಡು ಹಾಳು ಮಾಡಿದ್ದಷ್ಟೇ. ಅದು ಫ್ರೇಮುಗಳನ್ನು ಬಿಡುತ್ತಿತ್ತು, ಎರಡನೆಯ ಗಂಟೆಯ ಹೊತ್ತಿಗೆ ಚೆಂಡೆಯ ಪೆಟ್ಟಿನ ಸದ್ದಿಗೂ ಕೈಯ ಚಲನೆಗೂ ಹೊಂದಿಕೆ ತಪ್ಪುತ್ತಿತ್ತು. ಬೇಕಾದದ್ದು ಸಿಂಕನ್ನು ನೇರಗೊಳಿಸುವ ಟೈಮ್ ಬೇಸ್ ಕರೆಕ್ಟರ್. ಅಸಲಿಯ ಬೆಲೆ ನಮ್ಮಂಥವರಿಗಲ್ಲ. ಪ್ಯಾನಸೋನಿಕ್‌ನ ಇಎಸ್10, ಇಎಸ್15 ಎಂಬ ಹಳೆಯ ಡಿವಿಡಿ ರೆಕಾರ್ಡರುಗಳ ಒಳಗಿನಿಂದ ಸಿಗ್ನಲ್ ಹಾಯಿಸಿದರೆ ಚಿತ್ರದ ಮೇಲ್ಭಾಗ ಬಾಗುವುದು ನಿಲ್ಲುತ್ತದೆಂದು ಈ ಕೆಲಸದವರಿಗೆ ಗೊತ್ತಿದೆ. ದುಬೈಯಿಂದ ಬರುವ ಭಾವನ ಕೈಯಲ್ಲಿ ಇಎಸ್15 ಒಂದನ್ನು ತರಿಸಿದೆ, ನಾಲ್ಕು ಸಾವಿರ ಚಿಲ್ಲರೆ ಬಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಸ್-ವಿಡಿಯೋ ಔಟ್ (ಬಣ್ಣವನ್ನೂ ಬೆಳಕನ್ನೂ ಬೇರೆಬೇರೆಯಾಗಿ ಕಳುಹಿಸುವ ಜೋಡಣೆ) ಇರುವ ಡೆಕ್ಕಿಗೆ ಒಂಬತ್ತು ಸಾವಿರದ ಹತ್ತಿರ ಕೊಟ್ಟೆ. ಹಾರ್ಡ್ ಡಿಸ್ಕುಗಳು ಸೇರಿ ಒಟ್ಟು ನಲವತ್ತೈದು ಸಾವಿರದೊಳಗೆ ಮುಗಿಯಿತು.

ಕ್ಯಾಪ್ಚರನ್ನು 720×576ರಲ್ಲಿ, ಗುಣಮಟ್ಟ ಕಳೆಯದ ಹಫ್‌ವೈಯುವಿ ರೂಪದಲ್ಲಿ, ಇಂಟರ್‌ಲೇಸ್ (ಅರ್ಧ ಚಿತ್ರಗಳ ಹೆಣಿಗೆ) ಇದ್ದ ಹಾಗೆಯೇ ಮಾಡುತ್ತೇನೆ. ಗಂಟೆಗೆ ಮೂವತ್ತೈದು ಜಿಬಿ ತಿನ್ನುತ್ತದೆ. ಒಂದು ಇಡೀ ರಾತ್ರಿಯ ಆಟಕ್ಕೆ ಮುನ್ನೂರು ಜಿಬಿ ಎಂದಿಟ್ಟುಕೊಳ್ಳಿ. ಈ ಮೂಲ ಕಡತವನ್ನು ಅಳಿಸುವುದಿಲ್ಲ. ನೋಡುವ ಪ್ರತಿಯನ್ನು ಆ ಹೆಣಿಗೆ ಬಿಡಿಸುವ ಕ್ಯೂಟಿಜಿಎಂಸಿ ಎಂಬ ತಂತ್ರಾಂಶದಿಂದ ಸೆಕೆಂಡಿಗೆ ಐವತ್ತು ಫ್ರೇಮುಗಳಾಗಿ ಬಿಡಿಸಿ ಎಂಪಿ4 ಮಾಡುತ್ತೇನೆ. ಸ್ಟುಡಿಯೋದವರು ಇಪ್ಪತ್ತೈದು ಸಾಕೆನ್ನುತ್ತಾರೆ. ಅವರಿಗೆ ಅದೇ ಆಟದ ಧೀಂಗಿಣವನ್ನು ಎರಡೂ ರೀತಿಯಲ್ಲಿ ತೋರಿಸಿದ ಮೇಲೆ ವಾದ ಬೆಳೆಯಲಿಲ್ಲ.

ಅಮೆರಿಕದಿಂದ ಬಂದ ಎನ್‌ಟಿಎಸ್‌ಸಿ (ಅಲ್ಲಿಯ ಟಿವಿ ಪದ್ಧತಿಯ) ಕ್ಯಾಸೆಟ್ಟುಗಳು ಬೇರೆಯೇ ತಲೆನೋವು. ಗಲ್ಫಿನ ಹಲವು ಡೆಕ್ಕುಗಳು ಅವನ್ನು ನಮ್ಮ ಪಾಲ್ ಪದ್ಧತಿಯ ಬಣ್ಣ ಬೆರೆತ ಪಾಲ್-60 ಎಂಬ ಬೆರಕೆ ರೂಪದಲ್ಲಿ ಹೊರಗೆ ಬಿಡುತ್ತವೆ. ಟ್ಯೂಬಿನ ಟಿವಿಯಲ್ಲಿ ಬಣ್ಣ ಸರಿಯಿರುತ್ತದೆ, ಕ್ಯಾಪ್ಚರಿನಲ್ಲಿ ಕಪ್ಪುಬಿಳುಪಾಗುತ್ತದೆ. ಹಿಂಬದಿಯ ಸ್ವಿಚ್ಚನ್ನು ಶುದ್ಧ ಎನ್‌ಟಿಎಸ್‌ಸಿಗೆ ಹಾಕಬಲ್ಲ ಡೆಕ್ಕನ್ನೇ ಹುಡುಕಬೇಕು. ಅಂಚು ಸುಕ್ಕಾಗಿ ಕಂಟ್ರೋಲ್ ಟ್ರ್ಯಾಕ್ (ಟೇಪಿನ ಓಟವನ್ನು ಹೊಂದಿಸುವ ಗುರುತುಗಳ ಪಟ್ಟಿ) ಕೆಟ್ಟ ಟೇಪಿಗೂ ನನ್ನಲ್ಲಿ ಒಂದು ಉಪಾಯವಿದೆ, ಇನ್ನಷ್ಟು ಕ್ಯಾಸೆಟ್ಟುಗಳ ಮೇಲೆ ಅದು ನಿಂತ ನಂತರ ಬರೆಯುತ್ತೇನೆ.

ಕೊನೆಯ ಹಂತವಾದ ಟಿವಿಯಲ್ಲಿ ತೋರಿಸುವುದಕ್ಕೂ ಗಮನ ಬೇಕು. ಎಷ್ಟೋ ಮನೆಗಳ ಟಿವಿಗಳು ಫ್ಯಾಟ್32 ಎಂಬ ರೂಪದ ಪೆನ್‌ಡ್ರೈವನ್ನೇ ಒಪ್ಪುತ್ತವೆ, ಅದರಲ್ಲಿ ಒಂದು ಕಡತ ನಾಲ್ಕು ಜಿಬಿ ಮೀರುವಂತಿಲ್ಲ. ಸೆಕೆಂಡಿಗೆ ಆರು ಮೆಗಾಬಿಟ್ಟಿನಂತೆ ಗಂಟೆಗೆ ಎರಡೂಮುಕ್ಕಾಲು ಜಿಬಿ ಆಗುವುದರಿಂದ ಗಂಟೆಗೊಂದರಂತೆ, ಪಾತ್ರಗಳ ಪ್ರವೇಶ ನೋಡಿಕೊಂಡು ತುಂಡು ಮಾಡಿ ಕೊಡುತ್ತೇನೆ. ಟಿವಿಯ ಚಿತ್ರದ ಅಳತೆಯನ್ನು 4:3ಕ್ಕೆ ಇಡದಿದ್ದರೆ ಕಿರೀಟಗಳು ಚಪ್ಪಟೆಯಾಗಿ ಕಾಣುತ್ತವೆ. ಆ ಬಟನ್ನು ರಿಮೋಟಿನಲ್ಲಿ ಎಲ್ಲಿದೆಯೆಂದು ಮನೆಯವರಿಗೆ ತೋರಿಸಿಕೊಟ್ಟ ಮೇಲೆಯೇ ಕ್ಯಾಸೆಟ್ಟುಗಳನ್ನು ಹಿಂತಿರುಗಿಸಿ ಹಣ ತೆಗೆದುಕೊಳ್ಳುತ್ತೇನೆ. ಬೂಸ್ಟಿನದಾದರೆ ಒಂದಕ್ಕೆ ಆರುನೂರು, ಸ್ವಚ್ಛವಾದದ್ದಕ್ಕೆ ಇನ್ನೂರೈವತ್ತು.