ಚೊಚ್ಚಲ ಮೊಲವನ್ನು ಮಾರಲು ಅವಸರ ಬೇಡ

ಮೊದಲ ಸಲ ಮರಿ ಹಾಕಿದ ಮೊಲ ಗೂಡು ಕಟ್ಟದೆ ಮರಿಗಳನ್ನು ಜಾಲರಿಯ ಮೇಲೆಯೇ ಬಿಟ್ಟರೆ, ಕೆಟ್ಟ ತಾಯಿ ಎಂದು ಮಾರಿಬಿಡಬೇಡಿ. ಎರಡನೆಯ ಸೂಲಿಗೆ ಅನೇಕ ಮೊಲಗಳು ಸುಧಾರಿಸುತ್ತವೆ. ಗರ್ಭದ ಅವಧಿ ಸುಮಾರು 31 ದಿನ. 28ನೇ ದಿನವೇ ಒಣಹುಲ್ಲಿನ ಪೆಟ್ಟಿಗೆ ಇಡಿ. ತಾಯಿ ತುಪ್ಪಳ ಕೀಳದಿದ್ದರೆ ಅದರ ಹೊಟ್ಟೆಯ ಸಡಿಲ ಕೂದಲನ್ನು ನೀವೇ ಮೆಲ್ಲಗೆ ತೆಗೆದು ಹಾಸಿ. ತಣ್ಣಗಾದ ಮರಿಯನ್ನು ಅಂಗೈಯಲ್ಲಿ ಬೆಚ್ಚಗಾಗಿಸಿ ಗೂಡಿಗೆ ಸೇರಿಸಿ.

ಹೆಣ್ಣು ಎಂಥ ತಾಯಿಯಾಗುತ್ತದೆ ಎಂಬುದಕ್ಕೆ ಅದು ಬೆಳೆದ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ ತಂಡ 1999ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿತು: ಹೆಚ್ಚು ನೆಕ್ಕುವ ಸಾಕುತಾಯಿಯ ಬಳಿ ಬೆಳೆದ ಹೆಣ್ಣುಮರಿಗಳು ತಾವೂ ಅಂಥ ತಾಯಂದಿರಾದವು. ಮೊಲವನ್ನು ಮಾತ್ರ ಇಲಿಯ ಅಳತೆಯಲ್ಲಿ ತೂಗಬೇಡಿ. ತಾಯಿ ಮೊಲ ಸಾಮಾನ್ಯವಾಗಿ ದಿನಕ್ಕೊಮ್ಮೆ, ಮೂರ್ನಾಲ್ಕು ನಿಮಿಷವಷ್ಟೇ ಹಾಲೂಡುತ್ತದೆ. ಮರಿಗಳ ಹೊಟ್ಟೆ ದುಂಡಗಿದ್ದರೆ ಪದೇ ಪದೇ ಇಣುಕಬೇಡಿ.